ದ್ರಾಕ್ಷಿ ಸಿಟ್ಟು

ಕಾಗವಾಡದಲ್ಲಿ ದ್ರಾಕ್ಷಿ ಬೆಳೆಯುವ ಮನೆಗಳ ಹೆಂಗಸರು ಒಂದು ಕಟ್ಟಳೆ ಮಾಡಿಕೊಂಡಿದ್ದರು. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಗಂಡಸರ ಹತ್ತಿರ ಏನನ್ನೂ ಕೇಳಬಾರದು. ಸೀರೆ ಕೇಳಬಾರದು, ತವರಿಗೆ ಹೋಗುತ್ತೇನೆ ಅನ್ನಬಾರದು, ಮಗಳಿಗೆ ಗಂಡು ನೋಡುವ ಮಾತಂತೂ ಎತ್ತಲೇಬಾರದು. ಬಳ್ಳಿಗೆ ಔಷಧ ಹೊಡೆಯುವ ದಿನಗಳವು. ಗಂಡಸರಿಗೆ ಮೂಗಿನ ತುದಿಯಲ್ಲೇ ಕೋಪ. ಅದಕ್ಕೆ ಹೆಂಗಸರು ‘ದ್ರಾಕ್ಷಿ ಸಿಟ್ಟು’ ಎಂದು ಹೆಸರಿಟ್ಟಿದ್ದರು. ಹೆಸರು ಗಂಡಸರಿಗೆ ಮಾತ್ರ ಗೊತ್ತಿರಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ವಿರುಪಾಕ್ಷಪ್ಪನ ಮಗಳು ಕಸ್ತೂರೆವ್ವ ಮೆಟ್ರಿಕ್ ಓದುತ್ತಿದ್ದ ಚಳಿಗಾಲದಲ್ಲಿ, ಮುಂದೆ ಮಿರಜಿನ ಕಾಲೇಜಿಗೆ ಕಳಿಸುತ್ತೀಯಾ ಎಂದು ಅಪ್ಪನನ್ನು ಕೇಳಲು ಹೊರಟಾಗ ತಾಯಿ ರುಕ್ಮವ್ವ ಅಡ್ಡಗಟ್ಟಿದಳು.

“ಕಾಯಿ ಸಿಹಿ ಆಗೂತನಕ ತಡಿಯವಾ. ಈಗ ಕೇಳಿದ್ರ ಇಲ್ಲ ಅಂತಾರ. ಒಮ್ಮೆ ಇಲ್ಲ ಅಂದದ್ದನ್ನ ಮತ್ತ ಹೂಂ ಅನ್ನೂ ಮನಷ್ಯಾ ಅಲ್ಲ ನಿಮ್ಮಪ್ಪ.”

ಕಸ್ತೂರೆವ್ವ ತಡೆದಳು. ಹಣ್ಣು ಇಳಿದ ಮೇಲೆ ಕೇಳಿದರೆ ವಿರುಪಾಕ್ಷಪ್ಪ ನಕ್ಕು, “ಹೋಗ ಮಗಳ, ನಮ್ಮ ಮನ್ಯಾಗೂ ಒಬ್ಬರು ಶಾಣ್ಯಾ ಆಗ್ಲಿ,” ಎಂದುಬಿಟ್ಟ. ಹುಡುಗಿಗೆ ಹಿಡಿಸಲಾರದಷ್ಟು ಸಂತೋಷ. ಆದರೆ ಅದರ ಜೊತೆಗೇ ಒಂದು ಪ್ರಶ್ನೆಯೂ ಅಂಟಿಕೊಂಡಿತು. ಅದೇ ಅಪ್ಪ, ಅದೇ ತಲೆ. ಎರಡು ತಿಂಗಳಲ್ಲಿ ಒಳಗೆ ಏನು ಬದಲಾಯಿತು?

ಆ ಪ್ರಶ್ನೆಯೇ ಅವಳನ್ನು ಮಿರಜಿನಿಂದ ಧಾರವಾಡಕ್ಕೆ, ಧಾರವಾಡದಿಂದ ಪುಣೆಯ ಪ್ರಯೋಗಾಲಯಕ್ಕೆ ಎಳೆದುಕೊಂಡು ಹೋಯಿತು. ಅಲ್ಲಿ ಅವಳು ವರ್ಷಗಟ್ಟಲೆ ಕುರಿಯ ಮಿದುಳು ಅರೆದು ಅದರ ರಸಾಯನ ಪರೀಕ್ಷಿಸಿದಳು. ಊರಿಗೆ ಬಂದರೆ ಸೋದರಮಾವ ತನ್ನ ಮಗನನ್ನು ತೋರಿಸಿ, “ಮಿದುಳಿನ ಡಾಕ್ಟರಂತ! ನಮ್ಮ ಭರಮೂಗ ಒಂದೀಟು ಬುದ್ಧಿ ಹಾಕಿ ಕೊಡವಾ,” ಎಂದು ಕಾಡುತ್ತಿದ್ದ. ನಗುವವರು ನಗಲಿ, ಅವಳಿಗೆ ಆ ಕೆಲಸದಲ್ಲಿ ಸುಖವಿತ್ತು. ಬೆಳಿಗ್ಗೆ ಪ್ರಯೋಗಾಲಯದ ಬೀಗ ತೆಗೆಯುವಾಗ ತವರಿಗೆ ಬಂದಷ್ಟು ಹಿಗ್ಗುತ್ತಿದ್ದಳು.

ಉತ್ತರ ನಿಧಾನಕ್ಕೆ ಸಿಕ್ಕಿತು. ಹುಳ ಸಾಯಿಸುವ ಔಷಧ ಮೈಗೆ ಸೇರಿದರೆ ನರಗಳ ಒಂದು ಕಿಣ್ವವನ್ನು ಕಟ್ಟಿಹಾಕುತ್ತದೆ; ಆಗ ಸಿಟ್ಟು, ಮರೆವು ಹೆಚ್ಚುತ್ತವೆ. ಆದರೆ ಕುರಿಯ ಮಿದುಳು ಕಾಗವಾಡದ ಸಾಕ್ಷಿ ಹೇಳುವುದಿಲ್ಲವಲ್ಲ. 1992ರಲ್ಲಿ ಅವಳು ಬರ್ಫದ ಡಬ್ಬಿ, ಸೂಜಿ ಹಿಡಿದು ಊರಿಗೆ ಬಂದಳು. ಆ ಪ್ರಯೋಗಾಲಯದಿಂದ ಹೊಲಕ್ಕೆ ಇಳಿದವರಲ್ಲಿ ಅವಳೇ ಮೊದಲಿಗಳು. ವಿರುಪಾಕ್ಷಪ್ಪ ತೋಳು ಚಾಚಿದರೆ ತಾವೂ ಚಾಚುತ್ತೇವೆ ಎಂದರು ತೋಟದವರು. ಮಗಳ ಮೇಲಿನ ಪ್ರೀತಿಗೆ ಅವನು ಔಷಧ ಹೊಡೆಯುವ ಮೊದಲು ಒಮ್ಮೆ, ನಡುವೆ ಒಮ್ಮೆ ರಕ್ತ ಕೊಟ್ಟ. ಉಳಿದವರೂ ಕೊಟ್ಟರು.

ಪುಣೆಗೆ ಒಯ್ದು ಪರೀಕ್ಷಿಸಿದರೆ ಎಲ್ಲರ ಕಿಣ್ವವೂ ಇಳಿದಿತ್ತು, ಅಪ್ಪನದು ಎಲ್ಲರಿಗಿಂತ ಹೆಚ್ಚು. ಅವನ ಕಿಣ್ವ ಅರ್ಧಕ್ಕೆ ಬಂದಿತ್ತು. ಹಿಂದಿನ ವರ್ಷ ಅವನು ಸ್ವಂತ ಬೀಗರ ಹೆಸರು ಮರೆತು ತಡವರಿಸಿದ್ದು ಕಸ್ತೂರೆವ್ವನಿಗೆ ನೆನಪಾಯಿತು. ಪ್ರಬಂಧ ಆಮೇಲೆ, ಮೊದಲು ಅಪ್ಪನ ತಲೆ ಉಳಿಯಬೇಕು ಎಂದು ಬಸ್ಸು ಹತ್ತಿದಳು.

ತೋಟದಲ್ಲಿ ವಿರುಪಾಕ್ಷಪ್ಪ ಬ್ಯಾರಲಿನಲ್ಲಿ ಮೊಣಕೈವರೆಗೆ ಕೈ ಅದ್ದಿ ಔಷಧ ಕಲಸುತ್ತಿದ್ದ. ಹಿಂದೆ ಮೈಲುತುತ್ತ, ಸುಣ್ಣ ಕಲಸುತ್ತಿದ್ದ ಕಾಲದ ರೂಢಿ ಅದು. ಔಷಧ ಬದಲಾಗಿತ್ತು, ಕೈ ಬದಲಾಗಿರಲಿಲ್ಲ.

“ಕೈ ತಗಿ ಅಪ್ಪಾ! ಕೋಲಿಲೆ ಕಲಸು.”

“ಕೋಲಿಗೇನ ತಿಳೀತೈತಿ? ಹದಾ ಕೈಗೆ ಗೊತ್ತಾಗತೈತಿ.”

ಕಸ್ತೂರೆವ್ವ ಅವನ ಭಾಷೆಯಲ್ಲೇ ಹೇಳಿದಳು. “ಕಬ್ಬಿಗೆ ನೀರ ಹಾಯಸಾವ ಮಡಿ ತುಂಬಿದ ಮ್ಯಾಲೆ ನೀರ ತಿರವಬೇಕಲ್ಲ? ತಲಿಯೊಳಗೂ ಅಂಥಾವ ಒಬ್ಬ ಅದಾನ. ಈ ಔಷಧ ಅವನ ಕೈ ಕಟ್ಟೇತಿ. ನೀರ ಒಂದ ಮಡ್ಯಾಗ ನಿಂತ ಕೊಳ್ಯಾಕತ್ತೇತಿ.”

“ನನ್ನ ತಲ್ಯಾಗ ಏನೂ ಕೊಳತಿಲ್ಲ!” ವಿರುಪಾಕ್ಷಪ್ಪ ಗುಡುಗಿದ. “ನಾ ಯಾವಾಗಲೂ ಹಿಂಗ ಅದೀನಿ.”

ಬುತ್ತಿ ತಂದಿದ್ದ ರುಕ್ಮವ್ವ ಗಂಟನ್ನು ಬದುವಿನ ಮೇಲಿಟ್ಟಳು. ಗಂಡನ ಎದುರಿಗೇ ಬಂದು ನಿಂತಳು.

“ಹಿಂಗಿಲ್ರಿ ನೀವು. ಬ್ಯಾಸಗ್ಯಾಗ ಹಿಂಗಿರೂದಿಲ್ಲ. ನಾವು ಹೆಣ್ಮಕ್ಕಳು ಇದಕ್ಕ ದ್ರಾಕ್ಷಿ ಸಿಟ್ಟು ಅಂತೀವಿ. ದೀಪಾವಳಿ ಬಂದ್ರ ಬಾಯಿ ಮುಚಗೋತೀವಿ. ಕಸ್ತೂರಿ ಕಾಲೇಜಿನ ಮಾತೂ ನಾನ ತಡದಿದ್ದೆ.”

ವಿರುಪಾಕ್ಷಪ್ಪ ಹೆಂಡತಿಯನ್ನು ನೋಡಿದ. ಬೈಯುತ್ತಾನೆಂದು ತಾಯಿ ಮಗಳು ಇಬ್ಬರೂ ಕಾದರು. ಅವನು ಬೈಯಲಿಲ್ಲ.

“ಇಷ್ಟ ವರ್ಷ... ನನಗ ಅಂಜಿ?”

“ಹೂಂನ್ರಿ.”

ರಕ್ತಪರೀಕ್ಷೆಯ ಲೆಕ್ಕ ಮಾಡದ ಕೆಲಸವನ್ನು ಈ ಒಂದು ಮಾತು ಮಾಡಿತು. ಅವನು ಕೈ ಹೊರತೆಗೆದು ಬಾವಿಯ ಹತ್ತಿರ ಹೋಗಿ ಸಾಬೂನು ಹಚ್ಚಿ ತಿಕ್ಕಿ ತಿಕ್ಕಿ ತೊಳೆದ. ಬಹಳ ಹೊತ್ತು ತೊಳೆದ. ಬರುವಾಗ ಔಷಧ ಕಲಸಲು ಬೇಲಿಯಿಂದ ಒಂದು ಬಿದಿರು ಕೋಲು ಕಿತ್ತು ತಂದ.

ಮರುವರ್ಷ ಕೈಗೆ ರಬ್ಬರ್ ಗವಸು, ಮುಖಕ್ಕೆ ಟವೆಲು, ಸಂಜೆ ಮನೆಗೆ ಬಂದೊಡನೆ ಸ್ನಾನ. ಅವನನ್ನು ನೋಡಿ ಉಳಿದ ತೋಟದವರೂ ಬಿದಿರು ಹಿಡಿದರು. ಕಸ್ತೂರೆವ್ವನ ಪ್ರಬಂಧವೂ ಅಚ್ಚಾಗಿತ್ತು. ಬೇರೆ ಊರಿನ ಪ್ರಯೋಗಾಲಯಗಳು ಅವಳ ದಾರಿ ಹಿಡಿದು ಹತ್ತಿ, ತಂಬಾಕಿನ ಹೊಲಗಳಿಗೆ ಇಳಿಯತೊಡಗಿದ್ದವು. ಅವಳಿಗದು ಹೆಮ್ಮೆಯೇ. ಆದರೂ ದೀಪಾವಳಿ ಕಳೆದ ಮೇಲೆ ಅಪ್ಪನ ತೋಳಿಗೆ ಪಟ್ಟಿ ಬಿಗಿದು ಸೂಜಿ ಚುಚ್ಚುವಾಗ ಪರೀಕ್ಷೆ ಬರೆಯುವ ಹುಡುಗಿಯ ಹಾಗೆ ಎದೆ ಹೊಡೆದುಕೊಂಡಿತು.

ಒಲೆಯ ಮುಂದೆ ಕೂತಿದ್ದ ರುಕ್ಮವ್ವ ಅಷ್ಟರಲ್ಲೇ, ರೊಟ್ಟಿಯಿಂದ ಕಣ್ಣೆತ್ತದೆ ಕೇಳಿದಳು: “ಏನ್ರಿ, ನಾಕ ದಿನಾ ಜುಗೂಳಕ್ಕ ತವರಿಗೆ ಹೋಗಿ ಬರ್ಲೇನ್ರಿ?”

ಔಷಧ ಹೊಡೆಯುವ ಕಾಲ. ಕಸ್ತೂರೆವ್ವ ಅಪ್ಪನ ಮುಖ ನೋಡಿದಳು. ಕೊಳವೆಯಲ್ಲಿ ರಕ್ತ ಏರುತ್ತಿತ್ತು.

“ನಾಕ ಯಾಕ, ಎಂಟ ದಿನಾ ಇದ್ದ ಬಾ,” ಎಂದ ವಿರುಪಾಕ್ಷಪ್ಪ. ಆಮೇಲೆ, “ಮತ್ತೇನರ ಕೇಳೂದ ಉಳದೈತೇನ? ಇವತ್ತ ಕೇಳಿಬಿಡು,” ಎಂದ.