ಕಡ ತಂದ ಕಪ್ಪು

“ಕೆಂಪ ಅರಿವಿ ಹಾಕ್ಕೊಂಡು ಯಾರರ ಶೋಕಾ ಮಾಡ್ತಾರೇನ್ರಿ?”

ಅಧ್ಯಕ್ಷ ಗುಡದಪ್ಪನವರ ಗುಡುಗಿಗೆ ಸ್ಟಾಫ್‌ರೂಮಿನ ಚಹಾ ಲೋಟಗಳೂ ಎದ್ದು ನಿಲ್ಲುವಂತಿದ್ದವು. ಬಾಗಿಲಲ್ಲಿ ಕೆಂಪು ಚೂಡಿದಾರದ ಮಾರ್ತಾ ನಿಂತಿದ್ದಳು. ಪೋಲೆಂಡಿನವಳು. ಮಕ್ಕಳಿಗೆ ಇಂಗ್ಲಿಷ್ ಮಾತಾಡಲು ಕಲಿಸಲೆಂದು ಕಲಘಟಗಿಯ ಈ ಶಾಲೆಗೆ ಬಂದವಳು. ಅವಳ ಇಂಗ್ಲಿಷನ್ನು ಮುಬಶಿರಾ ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತಿದ್ದಳು. ಮುಬಶಿರಾ ಎಂ.ಎ., ಬಿ.ಎಡ್.; ಇಲ್ಲಿ ಬಹಳ ವರ್ಷದ ಟೀಚರು. ಶಾಲೆಯ ಫಲಕದ ಮೇಲಿನ ಫೋಟೋ ಮಾತ್ರ ಮಾರ್ತಾಳದ್ದು. ಬಸ್‌ಸ್ಟ್ಯಾಂಡಿನಿಂದಲೇ ಕಾಣುತ್ತಿತ್ತು.

ದೆಹಲಿಯಲ್ಲಿ ದೊಡ್ಡವರೊಬ್ಬರು ತೀರಿಕೊಂಡಿದ್ದರು. ದೇಶಕ್ಕೆಲ್ಲ ಶೋಕ. ಶಾಲೆಯ ಬಾವುಟ ಅರ್ಧಕ್ಕೆ ಇಳಿದಿತ್ತು. ಹುಬ್ಬಳ್ಳಿಯಿಂದ ಕೇಬಲ್ ಚಾನೆಲ್ಲಿನವರು ಹೊರಟಿದ್ದರು. ಗುಡದಪ್ಪನವರ ದುಃಖ ಈ ಎರಡನೆಯ ಸುದ್ದಿಯಿಂದ ಉಕ್ಕಿಬಂದಿತ್ತು.

“ಬಿಳಿ ಸೀರಿ ಉಡಸೂಣೇನ್ರಿ?” ಎಂದರು ಹೆಡ್‌ಮಾಸ್ತರ ಪಂಢರಿನಾಥ.

“ಮದಿವಿ ಆಗಲಾರದ ಹುಡಿಗಿಗೆ ಬಿಳಿ ಸೀರಿ? ಗಂಡನ್ನ ಕಳಕೊಂಡಾಕಿ ಕಂಡಂಗ ಕಾಣ್ತಾಳ. ಅವರ ಕಡೆ ಕರೀದು ಹಾಕ್ಕೋತಾರ್ರೀ. ಇಂಟರ್‌ನ್ಯಾಶನಲ್ ಶೋಕಾ ಆಗಬೇಕು!”

“ಪ್ಯಾಟ್ಯಾಗ ತರಸೂಣಂದ್ರ ಅಂಗಡಿ ಎಲ್ಲಾ ಬಂದ್ ಅದಾವ್ರಿ. ಮುಂಜಾನೆ ನೀವ ಬಂದ್ ಮಾಡಿಸೀರಿ.”

ಹೆಡ್‌ಮಾಸ್ತರರ ಕಣ್ಣು ಗೇಟಿನ ಪಕ್ಕದ ಕೋಣೆಯ ಕಡೆ ಹೊರಳಿತು.

ಅಲ್ಲಿ ಮೊಳೆಗೆ ಮುಬಶಿರಾಳ ಬುರ್ಖಾ ನೇತಾಡುತ್ತಿತ್ತು. ಗೇಟಿನಲ್ಲೇ ಕಳಚಿ ಒಳಬರಬೇಕೆಂಬುದು ಶಾಲೆಯ ಶಿಸ್ತು. ಸೇರಿದ ಹೊಸದರಲ್ಲಿ ಯಾಕೆಂದು ಕೇಳಿದ್ದಳು. ‘ಹುಡುಗ್ರು ಅಂಜತಾವ್ರೀ’ ಎಂದಿದ್ದರು ಗುಡದಪ್ಪನವರು. ಹುಡುಗರು ಅಂಜುತ್ತಿದ್ದದ್ದು ಗುಡದಪ್ಪನವರಿಗೆ. ಆದರೂ ನಕ್ಕು ಕಳಚಿದ್ದಳು. ಯಾಕೆ ನಕ್ಕೆನೆಂಬುದು ಅವಳಿಗೆ ಇನ್ನೂ ತಿಳಿದಿರಲಿಲ್ಲ.

“ಟೀಚರ್, ಒಂದ್ ತಾಸಿನ ಮಾತು,” ಗುಡದಪ್ಪನವರು ಮುಬಶಿರಾಳತ್ತ ತಿರುಗಿದರು.

“ಸರ್, ಅದು ಬುರ್ಖಾ ಐತ್ರಿ.”

“ಇವತ್ತ ಅದು ಬುರ್ಖಾ ಅಲ್ರೀ, ಶೋಕದ ಗೌನು. ದೇಶದ ಕೆಲಸಕ್ಕ ಇಲ್ಲಾ ಅಂತೀರೇನು?”

ಪಂಢರಿನಾಥ ಇಲ್ಲ ಎಂದರೆ ಅದು ಬರೀ ಇಲ್ಲ. ಅವಳು ಇಲ್ಲ ಎಂದರೆ ಸುದ್ದಿ. ಕ್ಯಾಮೆರಾ ಬೇರೆ ದಾರಿಯಲ್ಲಿತ್ತು.

“ತಗೋರಿ.”

ಮಾರ್ತಾಳ ಮುಖ ಬಾಡಿತು. ಇದು ನಿನ್ನದಲ್ಲವೆ, ನಿನಗೆ ಬೇಸರವಿಲ್ಲವೆ ಎಂದು ತಡವರಿಸುತ್ತ ಕೇಳಿದಳು. ಮುಬಶಿರಾ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಸುಳ್ಳು ಹೇಳಿದಳು.

“ಮಾರಿ ಮ್ಯಾಲ ಪರದಾ ಬ್ಯಾಡ,” ಗುಡದಪ್ಪನವರು ಎಚ್ಚರಿಸಿದರು. “ಮಾರೀನ ಮುಖ್ಯ.”

ಬಾವುಟದ ಕೆಳಗೆ ಬುರ್ಖಾ ನಿಂತಿತು. ಯಾವ ಹುಡುಗನೂ ಅಂಜಲಿಲ್ಲ. “ನೋಡ್ರಿ, ಪರದೇಶದಾಕಿ ಆದ್ರೂ ನಮ್ಮ ದುಃಖಕ್ಕ ಎಷ್ಟ್ ಮರ್ಯಾದಿ!” ಗುಡದಪ್ಪನವರು ಮೈಕಿಗೆ ಗದ್ಗದರಾದರು. ಕ್ಯಾಮೆರಾದವನು ಮುಬಶಿರಾಳತ್ತ ಕೈಸನ್ನೆ ಮಾಡಿದ: “ಅಕ್ಕಾರ, ಸ್ವಲ್ಪ ಬಾಜೂ ಸರೀರಿ. ನಿಮ್ಮ ಹಸರು ಸೀರಿ ಶೋಕದಾಗ ಬರಾಕತ್ತೈತಿ.”

ಸರಿದಳು. ಮೌನಾಚರಣೆಯಲ್ಲಿ ತೀರಿಕೊಂಡವರನ್ನು ನೆನೆಯಲು ಯತ್ನಿಸಿದಳು. ತನ್ನ ಬೆವರಿನ ವಾಸನೆ ಮಾರ್ತಾಳಿಗೆ ಬರುತ್ತಿರಬಹುದೇ ಎಂಬುದೊಂದೇ ತಲೆಯಲ್ಲಿ ಸುತ್ತಿತು.

ಶಾಲೆ ಬಿಟ್ಟಿತು. ಬುರ್ಖಾ ಬಿಡಲಿಲ್ಲ. ತಹಶೀಲ್ದಾರರ ಕಚೇರಿಯಲ್ಲಿ ಮಾರ್ತಾಳಿಗೆ ಇನ್ನೊಂದು ಶೋಕಸಭೆ ಇತ್ತು.

“ಸರ್, ನಾ ಮನಿಗೆ ಹೆಂಗ ಹೋಗ್ಲಿ?”

“ನಡಕೋಂತ ಹೋಗ್ರಲ್ಲಾ. ಮಳಿ ಇಲ್ಲ, ಏನಿಲ್ಲ.”

ನಡೆದಳು. ಪೇಟೆಯ ಕಣ್ಣೆಲ್ಲ ತನ್ನ ಮೇಲೆಯೇ ಬೀಳುವುದೆಂದು ಒಬ್ಬೊಬ್ಬರಿಗೂ ಒಂದೊಂದು ಉತ್ತರ ಹೊಂದಿಸಿಕೊಂಡಿದ್ದಳು. ಯಾರೂ ನೋಡಲಿಲ್ಲ. ಉತ್ತರಗಳು ಬಾಯಲ್ಲೇ ಒಣಗಿದವು.

ಮುಚ್ಚಿದ ಬಳೆ ಅಂಗಡಿಯ ಕಟ್ಟೆಯ ಮೇಲೆ ಮುಮತಾಜ್ ಚಾಚಿ ಕುಳಿತಿದ್ದಳು. ದಿನಾ ಹೋಗಿಬರುವಾಗ ಕೈ ಎತ್ತುವವಳು. ಮುಬಶಿರಾಳಲ್ಲಿ ಅವಳು ಇವತ್ತಿನವರೆಗೆ ಕಂಡದ್ದು ಪರದೆಯ ಮೇಲಿನ ಎರಡು ಕಣ್ಣಷ್ಟೇ. ಮುಬಶಿರಾ ಎದುರಿಗೇ ನಿಂತಳು. ಚಾಚಿಯ ನೋಟ ಅವಳನ್ನು ದಾಟಿ ರಸ್ತೆಗೆ ಹೋಯಿತು.

ಹಿಂದಿನಿಂದ ಶಾಲೆಯ ಕಾರು ಬಂತು. ಕಿಟಕಿಯ ಅಂಚಿಗೆ ಬುರ್ಖಾದ ಕಪ್ಪು ತೋಳು.

“ಏ ಮುಬಶಿರಾ! ಕಾರಿನ್ಯಾಗ ಹೊಂಟೀಯಲ್ಲ ಬೇ, ಸಾಹೇಬ ಆದೆಲ್ಲ!” ಚಾಚಿ ಎದ್ದು ನಿಂತು ಕೂಗಿದಳು.

‘ಚಾಚಿ’ ಎನ್ನಲು ಮುಬಶಿರಾ ಬಾಯಿ ತೆರೆದಳು.

ಕಪ್ಪು ತೋಳು ಕಿಟಕಿಯಿಂದ ಹೊರಬಂದು, ತುಂಬಾ ಮರ್ಯಾದೆಯಿಂದ, ಚಾಚಿಗೆ ಕೈ ಬೀಸಿತು.