ಅತ್ತಿಗೆ ಬರೆಯದ ಜಾಹೀರಾತು

ಡ್ರೈವಿಂಗ್ ಸ್ಕೂಲಿನ ಬಾಗಿಲಲ್ಲಿ ನಿಂತ ಮನುಷ್ಯ ತನ್ನ ಮೊಬೈಲನ್ನು ಅತ್ತಿಗೆಯ ಮುಖದ ಹತ್ತಿರ ಹಿಡಿದು, "ಇದು ನಿಮ್ಮ ಸ್ಕೂಲೇ ತಾನೆ?" ಎಂದು ಕೇಳಿದ.

ಸ್ಕೂಲಿನ ಹೆಸರು ಅವರದೇ, ಫೋನ್ ನಂಬರೂ ಅವರದೇ. ಕೆಳಗಿದ್ದ ಸಾಲು ಮಾತ್ರ ಅವರು ಜನ್ಮದಲ್ಲಿ ಆಡದ ಮಾತು: 'ಒಂದೇ ದಿನದಲ್ಲಿ ಡ್ರೈವಿಂಗ್ ಕಲಿಯಿರಿ. ಲೈಸೆನ್ಸ್ ಗ್ಯಾರಂಟಿ.'

"ಇದನ್ನ ನಾನು ಬರೆದಿಲ್ಲ," ಎಂದರು ಅತ್ತಿಗೆ.

"ನೀವು ಬರೀದೆ ಇನ್ನೇನು ದೆವ್ವ ಬಂದು ಬರೀತಾ? ರಜೆ ಹಾಕಿ ಬಂದಿದ್ದೀನಿ ಕಣ್ರೀ. ಇವತ್ತೇ ಕಲಿಸಿ."

ಆ ವಾರ ಇಂಥವರು ಹಲವರು ಬಂದಿದ್ದರು. ಒಬ್ಬಾಕೆಯಂತೂ ಮೋಸಗಾತಿ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿ ಹೋಗಿದ್ದಳು. ಅತ್ತಿಗೆ ಕಲಿಸುತ್ತಿದ್ದುದು ಸ್ಟೇರಿಂಗ್ ಮುಟ್ಟಿದರೆ ಕೈ ನಡುಗುವವರಿಗೆ. ತಲೆ ನರೆತ ಮೇಲೆ ಕಲಿಯಲು ಮನಸ್ಸು ಮಾಡಿದ ಹೆಂಗಸರು, ಒಮ್ಮೆ ಅಪಘಾತ ಕಂಡು ಬೆದರಿದವರು, ಬೇರೆ ಕಡೆ ಬೈಗುಳ ತಿಂದು ಬಂದವರು. ಖಾಲಿ ಮೈದಾನದಲ್ಲಿ ದಿನಗಟ್ಟಲೆ ಬರೀ ಕ್ಲಚ್ ಬಿಡುವುದನ್ನೇ ಹೇಳಿಕೊಡುತ್ತಿದ್ದರು. 'ಹೆದರಿಕೆ ಇದ್ದವರಿಗೆ ನಿಧಾನವಾಗಿ ಕಲಿಸುತ್ತೇವೆ' ಎಂಬುದು ಅವರೇ ಬರೆದು, ಇಂಟರ್ನೆಟ್ಟಿನಲ್ಲಿ ಹಾಕಿಸಿದ್ದ ಜಾಹೀರಾತು. ಆ 'ನಿಧಾನ' ಎಂಬ ಮಾತು ಎಲ್ಲಿ ಮಾಯವಾಯಿತೋ ತಿಳಿಯದೆ ಅವರು ಜಾಹೀರಾತು ಹಾಕಿಸಿದ್ದ ಸರ್ಚ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರು. ಆ ಕಡೆಯ ದನಿ ಸಕ್ಕರೆ ಬೆರೆಸಿದ ಹಾಗೆ ಹೇಳಿತು: "ಮೇಡಂ, ಅದಕ್ಕೆ ನೀವೇ ಒಪ್ಪಿಗೆ ಕೊಟ್ಟಿದ್ದೀರಿ."

ಅದೇ ಕಂಪನಿಯ ಸಹಾಯವಾಣಿಯಲ್ಲಿ ಅವರ ನಾದಿನಿ ಕೆಲಸಕ್ಕಿದ್ದಳು. ಮನೆಯಲ್ಲಿ ಎಲ್ಲರಿಗೂ ಅವಳು ಸಣ್ಣಿ. ಅಣ್ಣ-ಅತ್ತಿಗೆಯ ಜೊತೆಗೇ ಇದ್ದಳು. ಆ ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಅತ್ತಿಗೆ ಅಡುಗೆಮನೆಯಿಂದ ಕರೆದರು. ಈರುಳ್ಳಿ ಹೆಚ್ಚುತ್ತಿದ್ದರು, ಈರುಳ್ಳಿ ಪುಡಿಪುಡಿಯಾಗಿತ್ತು.

"ಸಣ್ಣಿ, ನಿಜ ಹೇಳು. ನಾನು ಯಾವಾಗಮ್ಮ ಒಪ್ಪಿಗೆ ಕೊಟ್ಟೆ?"

"ಕೊಟ್ಟಿಲ್ಲ ಅತ್ತಿಗೆ."

"ಮತ್ತೆ ಆ ಹುಡುಗಿ ಅಷ್ಟು ಗಟ್ಟಿಯಾಗಿ ಹೇಳಿದ್ಲಲ್ಲ?"

"ಅವಳ ಮುಂದೆ ಹಾಗಂತ ಬರೆದಿರುತ್ತೆ. ಓದಿ ಹೇಳೋದು. ನನ್ನ ಮುಂದೂ ಅದೇ ಇದೆ." ಸಣ್ಣಿ ಗೋಡೆಗೆ ಒರಗಿ ನಿಂತಳು. "ಕಳೆದ ತಿಂಗಳು 'ಜಾಣ ಬರಹ' ಅಂತ ಒಂದು ಶುರು ಮಾಡಿದ್ರು. ಜಾಹೀರಾತನ್ನ ಮೆಷಿನ್ನೇ ತಿದ್ದುತ್ತೆ. ಯಾವ ಮಾತು ನೋಡಿ ಜನ ಹೆಚ್ಚು ಕ್ಲಿಕ್ ಮಾಡ್ತಾರೋ ಆ ಮಾತು ಹಾಕುತ್ತೆ. ಸಣ್ಣ ಅಂಗಡಿಯವರಿಗೆಲ್ಲ ಕೇಳದೇನೇ ಆನ್ ಮಾಡಿಬಿಟ್ಟಿದ್ದಾರೆ."

"ಮೆಷಿನ್ನಿಗೆ ನಾಚಿಕೆ ಇಲ್ಲ, ಸರಿ. ಅದನ್ನ ಇಟ್ಕೊಂಡೋರಿಗೆ?"

ಸಣ್ಣಿ ಅತ್ತಿಗೆಯ ಮೊಬೈಲು ತೆಗೆದುಕೊಂಡು ಜಾಣ ಬರಹವನ್ನು ಆಫ್ ಮಾಡಿಕೊಟ್ಟಳು. ಬೈಸಿಕೊಂಡದ್ದು ಮಾತ್ರ ಆಫ್ ಆಗಲಿಲ್ಲ ಎಂದರು ಅತ್ತಿಗೆ.

ಸಣ್ಣಿಯ ಆಫೀಸು ದೊಡ್ಡ ಗಾಜಿನ ಕಟ್ಟಡ. ಕಾಯಂ ನೌಕರರ ಕೊರಳಿಗೆ ಗುರುತಿನ ಕಾರ್ಡಿನ ನೀಲಿ ಪಟ್ಟಿ, ಸಣ್ಣಿಯಂಥ ಗುತ್ತಿಗೆಯವರ ಕೊರಳಿಗೆ ಹಸಿರು. ನೀಲಿಯವರಿಗೆ ಮೇಲಿನ ಮಹಡಿಗಳು, ಹಣ್ಣಿನ ಬುಟ್ಟಿ, ಮಧ್ಯಾಹ್ನ ತೂಕಡಿಸಲು ಮೆತ್ತನೆಯ ಕೋಣೆ. ಹಸಿರಿನವರಿಗೆ ನೆಲಮಹಡಿ, ಕಿವಿಗೆ ಹೆಡ್‌ಫೋನು. ಈ ಆಫೀಸಿನಲ್ಲಿ ಕೆಲಸ ಮಾಡುವುದು ಎಷ್ಟು ಸೊಗಸು ಎಂದು ಪತ್ರಿಕೆಗಳಲ್ಲಿ ಸುದ್ದಿ ಬರುತ್ತಲೇ ಇರುತ್ತಿತ್ತು. ಫೋಟೋದಲ್ಲಿ ಯಾವಾಗಲೂ ನೀಲಿ ಪಟ್ಟಿಗಳೇ.

ಮರುದಿನ ಮೊದಲ ಕರೆ ಕನ್ನಡಕದ ಅಂಗಡಿಯವನದು. 'ಕಣ್ಣಿನ ದೋಷ ಪೂರ್ತಿ ವಾಸಿ' ಎಂದು ತನ್ನ ಹೆಸರಲ್ಲಿ ಜಾಹೀರಾತು ಬಂದಿದೆ ಎಂದು ಅವನು ಹೆಚ್ಚುಕಡಿಮೆ ಅಳುತ್ತಿದ್ದ. ಪರದೆಯ ಮೇಲೆ ಓದಬೇಕಾದ ಉತ್ತರ ಮೂಡಿತು. ಸಣ್ಣಿ ಅದನ್ನು ಓದಲಿಲ್ಲ.

"ಸರ್, ಇದನ್ನ ನೀವು ಆನ್ ಮಾಡಿಲ್ಲ, ನಮ್ಮ ಕಂಪನಿಯವರೇ ಮಾಡಿದ್ದು. ಆಫ್ ಮಾಡೋದು ಹೇಗೆ ಅಂತ ಹೇಳ್ತೀನಿ. ಮೊಬೈಲ್ ಕೈಗೆ ತಗೊಳ್ಳಿ."

ಪಕ್ಕದ ಸೀಟಿನವನು ತಿರುಗಿ ನೋಡಿದ. ನಲವತ್ತು ದಾಟಿರಲಿಲ್ಲ, ಆದರೂ ಆ ಮಹಡಿಯಲ್ಲಿ ಎಲ್ಲರಿಗಿಂತ ದೊಡ್ಡವನಾದ್ದರಿಂದ ಎಲ್ಲರೂ ಅವನನ್ನು ತಾತ ಎನ್ನುತ್ತಿದ್ದರು. "ಏನಮ್ಮ, ಕೆಲಸ ಬೇಜಾರಾಯ್ತಾ?" ಎಂದ ಮೆಲ್ಲಗೆ.

"ಕೆಲಸ ಅಲ್ಲ, ಸುಳ್ಳು ಬೇಜಾರಾಯ್ತು."

ಕರೆಗಳೆಲ್ಲ ರೆಕಾರ್ಡ್ ಆಗುತ್ತಿದ್ದವು. ವಾರ ತುಂಬುವ ಮೊದಲೇ ಟೀಮ್ ಲೀಡರ್ ಅವಳನ್ನು ಒಳಗೆ ಕರೆದ. ಬೈಯುವ ಮೆಸೇಜಿನ ಕೊನೆಗೂ ನಗುವ ಗೊಂಬೆ ಹಾಕುವ ಅಭ್ಯಾಸದಿಂದ ಅವನಿಗೆ ಸ್ಮೈಲಿ ಎಂಬ ಹೆಸರು ಬಿದ್ದಿತ್ತು. ಅವನ ಕೊರಳಲ್ಲೂ ಹಸಿರು ಪಟ್ಟಿಯೇ.

"ನೋಡು, ನೀನು ಮಾತಾಡಿದ ಗ್ರಾಹಕರೆಲ್ಲ ಆಫ್ ಮಾಡ್ಕೊಳ್ತಿದ್ದಾರೆ. ಮೇಲಿನವರು ನನ್ನ ಪ್ರಾಣ ತಿಂತಿದ್ದಾರೆ."

"ಅವರು ಕೇಳಿದ್ರು, ಹೇಳಿದೆ."

"ಬರೆದಿರೋದನ್ನ ಓದಿದ್ರೆ ನಿನ್ನ ಗಂಟೇನು ಹೋಗುತ್ತೆ?"

"ನನ್ನ ಅತ್ತಿಗೇನ ಬೀದಿ ಜನ ಮೋಸಗಾತಿ ಅಂದ್ರು. ಆ ಮಾತು ನಿಮ್ಮ ಮನೆಯವರಿಗೆ ಅಂದಿದ್ರೆ ನೀವು ಓದ್ತಿದ್ರಾ?"

ಸ್ಮೈಲಿ ಹುಬ್ಬು ತಿಕ್ಕಿಕೊಂಡ. ಇನ್ನೊಂದು ಸಲ ಹೀಗಾದರೆ ತನ್ನ ಕೈಯಲ್ಲಿ ಏನೂ ಇರುವುದಿಲ್ಲ ಎಂದು ಹೇಳಿ ಕಳಿಸಿದ. ಸಣ್ಣಿ ಸೀಟಿಗೆ ಬಂದು ಮುಂದಿನ ಕರೆಗೂ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು.

ಹೀಗಿರುವಾಗ ಕಂಪನಿಯಿಂದ ಅತ್ತಿಗೆಗೆ ಕರೆ ಬಂತು, ಈ ಸಲ ಮೇಲಿನ ಮಹಡಿಯಿಂದ. ಜಾಣ ಬರಹದ ಹೊಸ ಆವೃತ್ತಿಯನ್ನು ಬಿಡುಗಡೆ ಮಾಡುತ್ತಿದ್ದಾರಂತೆ. ಅದು ಆನ್ ಇದ್ದಾಗ ಡ್ರೈವಿಂಗ್ ಸ್ಕೂಲಿಗೆ ಬರುವ ಫೋನುಗಳು ದಿಢೀರನೆ ಏರಿದ್ದನ್ನು ಅವರ ಲೆಕ್ಕ ತೋರಿಸಿತ್ತು. ಸಭೆಗೆ ಬಂದು ತಮ್ಮ ಯಶಸ್ಸಿನ ಬಗ್ಗೆ ನಾಲ್ಕು ಮಾತು ಆಡಬೇಕಂತೆ.

ಫೋನ್ ಇಟ್ಟು ಅತ್ತಿಗೆ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಹೋಗಲಾ?" ಎಂದರು.

ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅಣ್ಣ ಡ್ಯೂಟಿಗೆ ಹೊರಟಿದ್ದವನು ಬಾಗಿಲಲ್ಲೇ ನಿಂತ. "ಸುಮ್ನೆ ಯಾಕೆ ಮೈಮೇಲೆ ಎಳ್ಕೊಳ್ತೀರಿ? ಇವಳ ಕೆಲಸಕ್ಕೆ ಕಲ್ಲು ಬೀಳುತ್ತೆ."

"ನೀನೇ ಹೇಳು ಸಣ್ಣಿ. ಬೇಡ ಅಂದ್ರೆ ಹೋಗಲ್ಲ," ಎಂದರು ಅತ್ತಿಗೆ.

"ಹೋಗಿ ಅತ್ತಿಗೆ. ಅವರು ಕೇಳಿದ್ದು ನಾಲ್ಕು ಮಾತು ತಾನೆ? ನಾಲ್ಕೂ ಆಡಿ."

ಸಭೆಯ ದಿನ ದೊಡ್ಡ ಸಭಾಂಗಣದ ಮುಂದಿನ ಸಾಲುಗಳಲ್ಲಿ ಬೇಕರಿಯವರು, ಫೋಟೋ ಸ್ಟುಡಿಯೋದವರು, ನಾಯಿಗಳಿಗೆ ಸ್ನಾನ ಮಾಡಿಸುವಾಕೆ, ಇಂಥ ಸಣ್ಣ ವ್ಯಾಪಾರದವರೇ ಕೂತಿದ್ದರು. ನೀಲಿ ಪಟ್ಟಿಯವರು ಅವರ ಹಿಂದೆ. ಸಭಾಂಗಣ ತುಂಬಿದಂತೆ ಕಾಣಲಿ ಎಂದು ಹಸಿರಿನವರನ್ನೂ ಕರೆಸಿ, ಕೊನೆಗೆ ಗೋಡೆಗುಂಟ ನಿಲ್ಲಿಸಿದ್ದರು. ಮಾರ್ಕೆಟಿಂಗ್ ಮುಖ್ಯಸ್ಥೆ ವೇದಿಕೆಯ ಮೇಲೆ ಅತ್ತಿಗೆಯ ಹೆಗಲ ಮೇಲೆ ಕೈಯಿಟ್ಟು, "ಜಾಣ ಬರಹದಿಂದ ನಿಮ್ಮ ಬದುಕು ಹೇಗೆ ಬದಲಾಯಿತು, ಹೇಳಿ," ಎಂದಳು.

ಅತ್ತಿಗೆ ಮೈಕನ್ನು ಗೇರ್ ಹಿಡಿಯುವ ಹಾಗೆ ಗಟ್ಟಿಯಾಗಿ ಹಿಡಿದರು.

"ಜನ ಬಂದ್ರು, ಅದು ನಿಜ. ಬಂದೋರೆಲ್ಲ ನನ್ನ ಮುಖಕ್ಕೆ ಉಗಿದು ಹೋದ್ರು. ಒಂದೇ ದಿನದಲ್ಲಿ ಕಲಿಸ್ತೀನಿ, ಲೈಸೆನ್ಸ್ ಗ್ಯಾರಂಟಿ ಅಂತ ನಿಮ್ಮ ಮೆಷಿನ್ ನನ್ನ ಹೆಸರಲ್ಲಿ ಬರೀತು. ಒಂದೇ ದಿನ ಕಲಿತೋರನ್ನ ರೋಡಿಗೆ ಬಿಟ್ರೆ ಯಾರಾದ್ರೂ ಸಾಯ್ತಾರೆ. ಅಂಥ ಮಾತು ನನ್ನ ಬಾಯಲ್ಲಿ ಬರಲ್ಲ. ನನ್ನ ಬಾಯಿಗೆ ಅದನ್ನ ತುರುಕಿದೋರು ಯಾರು, ಅಷ್ಟು ಹೇಳಿ. ಕೇಳ್ಕೊಂಡು ಮನೆಗೆ ಹೋಗ್ತೀನಿ."

ಸಭಾಂಗಣದಲ್ಲಿ ಪಿಸುಮಾತು ಎದ್ದಿತು. ಮುಖ್ಯಸ್ಥೆಯ ನಗು ಮುಖದಲ್ಲೇ ಅಂಟಿಕೊಂಡಿತ್ತು. "ಮೇಡಂ, ಗ್ರಾಹಕರ ಒಪ್ಪಿಗೆ ಇಲ್ಲದೆ ನಾವು ಏನನ್ನೂ..." ಎಂದು ಅವಳು ಶುರುಮಾಡಿದಳು.

"ಒಪ್ಪಿಗೆ ಕೇಳಿಲ್ಲ," ಎಂದಿತು ಗೋಡೆಯ ಕಡೆಯಿಂದ ಒಂದು ದನಿ. "ನಾವೇ ಆನ್ ಮಾಡಿದ್ವಿ. ಕೇಳಿದೋರಿಗೆಲ್ಲ ನೀವೇ ಒಪ್ಪಿದ್ರಿ ಅಂತ ಹೇಳೋಕೆ ನಮಗೆ ಸಂಬಳ ಕೊಡ್ತಾರೆ. ನಾನೂ ಬಹಳ ಜನಕ್ಕೆ ಹೇಳಿದ್ದೀನಿ."

ಎಲ್ಲರೂ ಹಿಂದೆ ತಿರುಗಿದರು. ಸಣ್ಣಿ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಪಕ್ಕದಲ್ಲಿದ್ದ ಸ್ಮೈಲಿ ಅವಳ ತೋಳು ಹಿಡಿಯಲು ಬಂದವನು ಏನೆನ್ನಿಸಿತೋ, ಕೈ ಹಿಂದಕ್ಕೆಳೆದುಕೊಂಡ.

ಮುಂದಿನ ಸಾಲಿನಿಂದ ಬೇಕರಿಯವನು ಎದ್ದ. "ಅದನ್ನ ಆಫ್ ಮಾಡೋದು ಹೇಗಮ್ಮ?"

"ಮೊಬೈಲ್ ತೆಗೀರಿ ಸರ್. ನಿಮ್ಮ ಜಾಹೀರಾತಿನ ಪುಟಕ್ಕೆ ಹೋಗಿ. ಸೆಟ್ಟಿಂಗ್ಸ್ ಒತ್ತಿ. ತೀರಾ ಕೆಳಗೆ ಬನ್ನಿ, ಇನ್ನೂ ಕೆಳಗೆ, ಬೂದು ಬಣ್ಣದಲ್ಲಿ ಸಣ್ಣಗೆ ಬರೆದಿದೆ."

ಮೈಕ್ ಬಂದ್ ಮಾಡಿದರು. ಸಣ್ಣಿಯ ಕೈಯಲ್ಲಿ ಮೈಕ್ ಇರಲೇ ಇಲ್ಲ. ಅವಳು ಕೂಗಿ ಹೇಳಿದಳು. ಕೇಳಿಸದವರಿಗೆ ತಾತ ಅದನ್ನೇ ಮತ್ತೆ ಕೂಗಿ ಹೇಳಿದ. ನಾಯಿಗಳಿಗೆ ಸ್ನಾನ ಮಾಡಿಸುವಾಕೆ ಪಕ್ಕದವರ ಮೊಬೈಲು ಕಸಿದುಕೊಂಡು ತಾನೇ ಆಫ್ ಮಾಡಿಕೊಟ್ಟಳು. ಎಲ್ಲರೂ ತಲೆ ತಗ್ಗಿಸಿ ಬೆರಳಾಡಿಸುತ್ತಿದ್ದುದನ್ನು ಅತ್ತಿಗೆ ವೇದಿಕೆಯ ಮೇಲಿಂದ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತರು. ಮುಖ್ಯಸ್ಥೆ ಇಳಿಯಿರಿ ಎಂದರೂ, "ಮುಗೀಲಿ ತಡೀರಿ," ಎಂದರು.

ಮರುದಿನ ಸಣ್ಣಿಯ ಕಾರ್ಡಿಗೆ ಆಫೀಸಿನ ಬಾಗಿಲು ತೆರೆಯಲಿಲ್ಲ. ತಾತನ ಕಾರ್ಡಿಗೂ ಅಷ್ಟೇ. ಇಬ್ಬರೂ ಎದುರಿನ ಫುಟ್‌ಪಾತಿನಲ್ಲಿ ಚಹಾ ಕುಡಿದರು. ತಾತನಿಗೆ ಶಾಲೆಗೆ ಹೋಗುವ ಮಗಳಿದ್ದಳು. ಅವನ ಮುಖ ನೋಡಲು ಸಣ್ಣಿಗೆ ಕಷ್ಟವಾಯಿತು.

"ನನ್ನ ಬಾಯಿ ನಂದೇ ಅಮ್ಮ. ನೀನು ತೆರೆಸಿದ್ದಲ್ಲ," ಎಂದ ಅವನು. ಹಾಗೆಂದರೂ ಚಹಾವನ್ನು ಅರ್ಧಕ್ಕೇ ಬಿಟ್ಟ.

ಕೆಲವು ದಿನ ಕಳೆದು ಸ್ಮೈಲಿ ಫೋನ್ ಮಾಡಿದ. ನೆಲಮಹಡಿಯಲ್ಲಿ ಈಗ ಯಾರೂ ಪರದೆ ನೋಡಿ ಓದುತ್ತಿಲ್ಲವಂತೆ, ಎಷ್ಟು ಜನರನ್ನು ಅಂತ ಹೊರಗೆ ಹಾಕುವುದು ಎಂದು ಮೇಲಿನವರು ತಲೆ ಕೆರೆದುಕೊಳ್ಳುತ್ತಿದ್ದಾರಂತೆ. ಹೊಸ ಗ್ರಾಹಕರ ಒಪ್ಪಿಗೆಯನ್ನು ಇನ್ನು ಮೊದಲೇ ಕೇಳುವುದು ಎಂದಾಗಿದೆಯಂತೆ. ಹಳಬರಿಗೆ ಅದು ಹಾಗೇ ಆನ್ ಇರುತ್ತದಂತೆ.

"ಸಭೇಲಿ ಆಡಿದ್ದು ತಪ್ಪು ತಿಳುವಳಿಕೆಯಿಂದ ಅಂತ ಒಪ್ಪಿಕೊಂಡ್ರೆ ವಾಪಸ್ ತಗೊಳ್ತಾರೆ. ತಾತನ್ನೂ," ಎಂದ.

"ತಾತ ಏನಂದ?"

"ಅವನಿಗೆ ಮೊದಲೇ ಮಾಡಿದ್ದೆ. ನನಗೆ ಬೈದು ಫೋನ್ ಇಟ್ಟ."

"ಹಾಗಾದ್ರೆ ನಾನು ಬೈಯಲ್ಲ. ನನ್ನ ತಿಳುವಳಿಕೆ ಸರಿಯಾಗೇ ಇದೆ ಅಂತ ಅವರಿಗೆ ಹೇಳಿ," ಎಂದಳು ಸಣ್ಣಿ.

ಅತ್ತಿಗೆ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. ಫೋನ್ ಇಟ್ಟ ಮೇಲೆ ಅವಳ ಬೆನ್ನು ಸವರಿದರು. "ನನ್ನ ದೆಸೆಯಿಂದ ನಿನ್ನ ಅನ್ನಕ್ಕೆ ಕಲ್ಲು ಬಿತ್ತಲ್ಲೇ," ಎಂದರು.

"ನಿಮ್ಮ ದೆಸೆಯಿಂದ ಅಲ್ಲ. ಬೇರೆ ಅನ್ನ ಹುಡುಕ್ತೀನಿ ಬಿಡಿ."

ಅಣ್ಣ ಇಬ್ಬರನ್ನೂ ನೋಡಿ, ಈ ಮನೆಯಲ್ಲಿ ತನ್ನ ಮಾತು ಯಾರೂ ಕೇಳುವುದಿಲ್ಲ ಎಂದು ಗೊಣಗುತ್ತ ಮೂವರಿಗೂ ತಟ್ಟೆ ಹಾಕಿದ.

ಊಟವಾದ ಮೇಲೆ ಸಣ್ಣಿ ಒಂದು ಬಸ್ ಕಂಪನಿಯ ಟಿಕೆಟ್ ವಿಭಾಗಕ್ಕೆ ಅರ್ಜಿ ತುಂಬಲು ಕೂತಳು. ಹಿಂದಿನ ಕೆಲಸ ಬಿಟ್ಟ ಕಾರಣ ಎಂಬಲ್ಲಿಗೆ ಬಂದಾಗ ಅತ್ತಿಗೆ ಬಗ್ಗಿ ನೋಡಿ, "ಏನಾದ್ರೂ ನಯವಾಗಿ ಬರಿಯೇ," ಎಂದರು. ಸಣ್ಣಿ ಬೇಡವೆಂದು ತಲೆಯಾಡಿಸಿ, ನಡೆದದ್ದನ್ನು ನಡೆದ ಹಾಗೆಯೇ ಬರೆದು ಕಳಿಸಿದಳು.