ಸೀಮೆಸುಣ್ಣ ತರ್ಲಾ, ಸರ್?

ಆ ಪ್ರೌಢಶಾಲೆಯಲ್ಲಿ ಕರಿಹಲಗೆಯೇ ಇಲ್ಲ. ಬಿಳಿ ಬೋರ್ಡು ಬಂದು ವರ್ಷಗಳಾದವು. ಉಳಿದ ಸೀಮೆಸುಣ್ಣದ ಡಬ್ಬಿಗಳೆಲ್ಲ ಮೆಟ್ಟಿಲ ಕೆಳಗಿನ ಉಗ್ರಾಣ ಸೇರಿದ್ದವು. ಮಕ್ಕಳ ಕಷ್ಟಸುಖ ಕೇಳಲೆಂದು ಆಪ್ತ ಸಲಹೆಗಾರ್ತಿಯೊಬ್ಬರು ಬಂದಾಗ, ಬೇರೆ ಕೋಣೆ ಸಿಗದೆ ಅವರಿಗೆ ಆ ಉಗ್ರಾಣವನ್ನೇ ಕೊಟ್ಟರು. ಪಾಪ, ಎರಡು ಕುರ್ಚಿ ಹಾಕಿ, ಕಿಟಕಿಗೆ ಪರದೆ ಕಟ್ಟಿ ಕಾದರು. ಒಂದು ನರಪಿಳ್ಳೆಯೂ ಅತ್ತ ಸುಳಿಯಲಿಲ್ಲ. ಪಾಠದ ನಡುವೆ ಎದ್ದು ‘ಸಲಹೆಗಾರ್ತಿಯನ್ನು ನೋಡಬೇಕು’ ಎನ್ನುವ ಎದೆ ಯಾರಿಗಿದೆ? ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ.

ಆಗ ಮುಖ್ಯೋಪಾಧ್ಯಾಯಿನಿ ಒಂದು ಉಪಾಯ ಹೂಡಿದರು. ಹೆದರಿದವರು, ಮನಸ್ಸು ಸರಿಯಿಲ್ಲದವರು ಎದ್ದು ‘ಸೀಮೆಸುಣ್ಣ ತರ್ಲಾ?’ ಎಂದರೆ ಸಾಕು. ಪಾಠ ಮಾಡುವವರು ಏಕೆ, ಏನು ಎನ್ನದೆ ‘ಹೋಗಿ ಬಾ’ ಎನ್ನಬೇಕು. ಉಳಿದವರು ತಿರುಗಿ ನೋಡಬಾರದು, ಆಮೇಲೆ ಕೇಳಲೂಬಾರದು. ಇವತ್ತು ಅವರಿಗೆ, ನಾಳೆ ನಮಗೆ ಎಂದು ಮಕ್ಕಳು ಇದನ್ನು ಚಾಚೂ ತಪ್ಪದೆ ಪಾಲಿಸಿದರು. ದೊಡ್ಡವರ ಸಭೆಗಳಲ್ಲಿ ಇಷ್ಟು ಶಿಸ್ತು ಕಂಡಿಲ್ಲ, ಬಿಡಿ.

ಒಂಬತ್ತನೇ ತರಗತಿಯ ಗುಬ್ಬಿ ಆ ದಿನ ಬೆಳಗಿನಿಂದ ಮೊಬೈಲನ್ನು ಸಮವಸ್ತ್ರದ ಜೇಬಿನಲ್ಲಿ ಬಚ್ಚಿಟ್ಟುಕೊಂಡೇ ಓಡಾಡುತ್ತಿದ್ದಳು. ಗುಬ್ಬಿ ಎನ್ನುವುದು ಅಜ್ಜಿ ಇಟ್ಟ ಹೆಸರು, ಶಾಲೆಗೂ ಅದೇ ನಡೆದುಬಂದಿತ್ತು. ಗುರುತಿಲ್ಲದ ನಂಬರಿನಿಂದ ಅವಳ ಮೊಬೈಲಿಗೆ ಒಂದು ಚಿತ್ರ ಬಂದಿತ್ತು. ಮುಖ ಅವಳದು, ಮೈ ಯಾರದೋ. ಶಾಲೆ ಬಿಟ್ಟಮೇಲೆ ಬಸ್ ನಿಲ್ದಾಣದ ಹಿಂದಿನ ಓಣಿಗೆ ಒಬ್ಬಳೇ ಬಾ, ಬರದಿದ್ದರೆ ಇದು ನಿಮ್ಮಪ್ಪನಿಗೂ ಹೋಗುತ್ತದೆ, ಶಾಲೆಗೂ ಹೋಗುತ್ತದೆ ಎಂದು ಕೆಳಗೆ ಬರೆದಿತ್ತು. ಅಮ್ಮನಿಗೆ ಹೇಳಲು ಭಯ. ‘ಬೆಂಕಿ ಇಲ್ಲದೆ ಹೊಗೆ ಆಡುತ್ತಾ?’ ಎನ್ನುವುದು ಅಮ್ಮನ ಬಾಯಲ್ಲಿ ಸದಾ ಇರುವ ಮಾತು. ಗೆಳತಿಗೆ ಹೇಳೋಣವೆಂದರೆ ಅವಳ ಜೊತೆ ಟೂ ಬಿಟ್ಟಾಗಿತ್ತು.

ಆ ಗೆಳತಿಯನ್ನು ಎಲ್ಲರೂ ಕರೆಯುತ್ತಿದ್ದುದು ರೇಡಿಯೋ ಎಂದು. ಅವಳ ಹೊಟ್ಟೆಯಲ್ಲಿ ಅನ್ನ ಅರಗೀತು, ಮಾತು ಅರಗದು. ಗುಬ್ಬಿ ಇನ್ನೂ ಅಜ್ಜಿಯ ಸೆರಗು ಹಿಡಿದೇ ಮಲಗುತ್ತಾಳೆ ಎಂಬ ಗುಟ್ಟನ್ನು ಶಾಲೆಯ ವ್ಯಾನಿನ ತುಂಬ ಬಿತ್ತರಿಸಿದ್ದಳು. ಕೂರುವುದು ಒಂದೇ ಬೆಂಚಿನಲ್ಲಾದರೂ ಅಂದಿನಿಂದ ನಡುವೆ ಗುಬ್ಬಿಯ ಚೀಲ.

ಕೊನೆಯ ಪಿರಿಯಡ್ ವಿಜ್ಞಾನ. ಹೆರಿಗೆ ರಜೆಗೆ ಹೋದ ಟೀಚರ ಜಾಗಕ್ಕೆ ಹೊಸ ಮೇಷ್ಟ್ರು ಬಂದಿದ್ದರು. ಮುಖ್ಯೋಪಾಧ್ಯಾಯಿನಿ ಅವರಿಗೆ ಗಂಟೆಯ ಸಮಯದಿಂದ ಹಿಡಿದು ಶೌಚಾಲಯದ ಬೀಗದವರೆಗೆ ಎಲ್ಲವನ್ನೂ ತಿಳಿಸಿದ್ದರು. ಸೀಮೆಸುಣ್ಣದ ವಿಷಯ ಮಾತ್ರ ಮರೆತಿದ್ದರು.

ಈ ಪಿರಿಯಡ್ ಮುಗಿದರೆ ಓಣಿ. ಗುಬ್ಬಿ ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ ಎದ್ದಳು.

“ಸರ್, ಸೀಮೆಸುಣ್ಣ ತರ್ಲಾ?”

ಮೇಷ್ಟ್ರಿಗೆ ನಗು ಬಂತು. “ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ರಂತೆ! ಕರಿಹಲಗೇನೇ ಇಲ್ಲ, ಸೀಮೆಸುಣ್ಣ ತಂದು ಎಲ್ಲಿಗೆ ಬಳೀತೀಯಮ್ಮ? ಕೂತ್ಕೋ.”

ಯಾರೂ ನಗಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ “ಸರ್, ಅದು...” ಎಂದು ಬಾಯಿ ತೆರೆದು ಮುಚ್ಚಿಕೊಂಡರು. ಬಿಡಿಸಿ ಹೇಳಿದರೆ ಕಣ್ಣೆಲ್ಲ ಗುಬ್ಬಿಯ ಮೇಲೆ ಬೀಳುತ್ತಿತ್ತು. ಗುಬ್ಬಿ ಕುಸಿದು ಕುಳಿತಳು. ಇನ್ನೊಮ್ಮೆ ಏಳುವುದು ತನ್ನಿಂದಾಗದು, ಓಣಿಗೆ ಹೋಗುವುದೇ ಸೈ ಎಂದು ಅವಳಿಗೆ ಖಾತ್ರಿಯಾಯಿತು.

ಆಗ ರೇಡಿಯೋ ನೀರಿನ ಬಾಟಲಿ ಹಿಡಿದು ಎದ್ದಳು. ಏನೋ ಸಂದೇಹ ಕೇಳುವವಳಂತೆ ಮೇಜಿನ ಹತ್ತಿರ ಹೋಗಿ, ಮುಚ್ಚಳ ತೆಗೆದು, ಅಷ್ಟೂ ನೀರನ್ನು ಮೇಷ್ಟ್ರ ಪುಸ್ತಕಗಳ ಮೇಲೆ ಸುರಿದುಬಿಟ್ಟಳು.

“ಅಯ್ಯೋ, ಕೈ ಜಾರ್ತು ಸರ್!”

“ಜಾರ್ತಾ? ಅಭಿಷೇಕ ಮಾಡಿದ ಹಾಗಿತ್ತಲ್ಲೇ! ಓಡು, ಬಟ್ಟೆ ತಗೊಂಬಾ!”

“ಬಟ್ಟೆ ಎಲ್ಲಿದೆ ಅಂತ ನಂಗೊತ್ತಿಲ್ಲ ಸರ್. ಅವಳಿಗೊತ್ತು.” ಬೆರಳು ಗುಬ್ಬಿಯ ಕಡೆಗಿತ್ತು.

“ಯಾರಾದ್ರೂ ಹೋಗ್ರಮ್ಮ! ನೀನು ಮಾತ್ರ ಆಚೆ ನಿಂತ್ಕೋ!”

ಗುಬ್ಬಿ ಓಡಿದಳು. ಮೆಟ್ಟಿಲ ಕೆಳಗಿನ ಕೋಣೆ ಮುಟ್ಟುವವರೆಗೂ ಅವಳ ಕಾಲು ನಿಲ್ಲಲಿಲ್ಲ.

ಸಲಹೆಗಾರ್ತಿ ಚಿತ್ರ ನೋಡಿದರು, ಬರಹ ಓದಿದರು. ‘ನಿನ್ನ ನಂಬರ್ ಯಾಕೆ ಕೊಟ್ಟೆ?’ ಎಂದು ಕೇಳಲಿಲ್ಲ. “ಹೇಳಿದೆಯಲ್ಲ, ಒಳ್ಳೇದು ಮಾಡ್ದೆ. ಇನ್ನು ಇದು ನಮ್ಮ ಕೆಲಸ,” ಎಂದರು. ಬೆಳಗಿನಿಂದ ಹಿಡಿದಿಟ್ಟಿದ್ದ ಅಳು ಆಗ ಬಂತು. ಅವರು ಒಂದು ಲೋಟ ನೀರು ಕೊಟ್ಟು, ಮುಖ್ಯೋಪಾಧ್ಯಾಯಿನಿಯನ್ನು ಕರೆಸಿ, ಅವಳ ಎದುರಿಗೇ ಪೊಲೀಸರಿಗೂ ಅಮ್ಮನಿಗೂ ಫೋನು ಮಾಡಿದರು.

ಶಾಲೆ ಬಿಟ್ಟಾಗ ಓಣಿಗೆ ಹೋದವರು ಇಬ್ಬರು ಪೊಲೀಸರು. ಅಲ್ಲಿ ಕಾದು ನಿಂತಿದ್ದವನು, ಗುಬ್ಬಿ ಮೊಬೈಲಿಗೆ ಕರೆನ್ಸಿ ಹಾಕಿಸುತ್ತಿದ್ದ ಅಂಗಡಿಯವನು. ಅವನ ಫೋನಿನಲ್ಲಿ ಇನ್ನೂ ಕೆಲವು ಹುಡುಗಿಯರ ಮುಖಗಳಿದ್ದವು.

ಅಮ್ಮ ಚಪ್ಪಲಿ ಅದಲುಬದಲು ಹಾಕಿಕೊಂಡು ಓಡಿಬಂದಿದ್ದಳು. ಗುಬ್ಬಿ ಕೆನ್ನೆಗೆ ಏಟು ಬೀಳುತ್ತದೆಂದು ಕಣ್ಣು ಮುಚ್ಚಿದಳು. ಅಮ್ಮ ತಬ್ಬಿಕೊಂಡಳು.

“ಬೆಂಕಿ ಹಚ್ಚಿದೋನು ಅವನು. ನೀನ್ಯಾಕೆ ಸುಟ್ಕೋತೀಯ ಮಗಳೇ?”

ಮರುದಿನ ಮೇಷ್ಟ್ರು ಕೈಯಲ್ಲಿ ಒಂದು ಸೀಮೆಸುಣ್ಣದ ಡಬ್ಬಿ ಹಿಡಿದು ಬಂದರು. ಅದನ್ನು ಬಿಳಿ ಬೋರ್ಡಿನ ಕೆಳಗೆ ಎಲ್ಲರಿಗೂ ಕಾಣುವಂತೆ ಇಟ್ಟರು. “ನಂಗೆ ಗೊತ್ತಿರ್ಲಿಲ್ಲ, ನಿನ್ನೆ ಸಂಜೆ ದೊಡ್ಡ ಮೇಡಂ ಹೇಳಿದ್ರು. ಇನ್ಮೇಲೆ ಯಾರು ಕೇಳಿದ್ರೂ ಹೋಗಿ ಬಾ ಅಂತೀನಿ,” ಎಂದರು. ಆಮೇಲೆ ರೇಡಿಯೋಳ ಬಾಟಲಿಯನ್ನು ತಾವೇ ತುಂಬಿಸಿ ತಂದು ಅವಳ ಮುಂದಿಟ್ಟರು. ಗುಬ್ಬಿಗೆ ಅವರ ಮೇಲಿದ್ದ ಕೋಪವೆಲ್ಲ ಇಳಿದುಹೋಯಿತು.

ಗುಬ್ಬಿಯನ್ನಂತೂ ಕೇಳುವಂತಿಲ್ಲ, ಊಟದ ಬಿಡುವಿನಲ್ಲಿ ಎಲ್ಲರೂ ರೇಡಿಯೋಳನ್ನು ಮುತ್ತಿಕೊಂಡರು. ನೀರು ಯಾಕೆ ಚೆಲ್ಲಿದೆ, ಏನು ವಿಷಯ? “ಕೈ ಜಾರ್ತು ಅಂದ್ನಲ್ಲ!” ಎಂದು ಅವಳು ಎಲ್ಲರನ್ನೂ ಓಡಿಸಿದಳು.

ಬೆಂಚಿನಲ್ಲಿ ಇಬ್ಬರೇ ಉಳಿದಾಗ ಗುಬ್ಬಿ ಮೆಲ್ಲಗೆ ಕೇಳಿದಳು. “ನಂಗೆ ಇನ್ನೊಂದ್ಸಲ ಏಳೋಕಾಗಲ್ಲ ಅಂತ ನಿಂಗೆ ಹೇಗೆ ಗೊತ್ತಾಯ್ತು?”

ರೇಡಿಯೋ ಬಾಟಲಿಯ ಮುಚ್ಚಳ ತಿರುಗಿಸುತ್ತ ದನಿ ತಗ್ಗಿಸಿದಳು.

“ಹೋದ ವರ್ಷ ನಾನೂ ಎದ್ದಿದ್ದೆ ಕಣೇ. ಭಯ ಆಗಿ ‘ಏನಿಲ್ಲ ಮಿಸ್’ ಅಂತ ಕೂತುಬಿಟ್ಟೆ. ಮತ್ತೆ ಏಳೋಕೆ ಇಡೀ ಬೇಸಿಗೆ ರಜ ಕಳೀಬೇಕಾಯ್ತು.”

ಏನಾಗಿತ್ತು ಎಂಬ ಮಾತು ಗುಬ್ಬಿಯ ನಾಲಿಗೆಯ ತುದಿಗೆ ಬಂತು. ಕೇಳಬಾರದು ಎಂಬುದು ನೆನಪಾಯಿತು. ನಡುವೆ ಇದ್ದ ಚೀಲವನ್ನು ತೆಗೆದು ಕೆಳಗಿಟ್ಟು, ಅವಳು ಗೆಳತಿಯ ಪಕ್ಕಕ್ಕೆ ಸರಿದು ಕುಳಿತಳು.